ಹದಿನೆಂಟು ಪೌಂಡಿನ ಕಿಂಡಿ

ಜರ್ಸಿ ಎಂದರೇನೆಂದು ಕರ್ನಾಟಕದ ಹಳ್ಳಿಗಳಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಡೇರಿಗೆ ಹಾಲು ಹಾಕುವ ಮನೆಗಳ ಕೊಟ್ಟಿಗೆಯಲ್ಲಿ ಒಂದಲ್ಲ ಒಂದು ಕಾಲಕ್ಕೆ ನಿಂತ ಕಂದು ಬಣ್ಣದ ಹಸು ಅದು. ಆ ಹಸುವಿಗೆ ಹೆಸರು ಕೊಟ್ಟ ಊರು ಮಾತ್ರ ನಕ್ಷೆಯಲ್ಲಿ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಿನಲ್ಲಿ, ಫ್ರಾನ್ಸಿನ ದಂಡೆಗೆ ಹತ್ತಿರವಾಗಿ, ಲಕ್ಷದಷ್ಟು ಜನ ವಾಸಿಸುವ ಪುಟ್ಟ ದ್ವೀಪ ಜರ್ಸಿ. ತನ್ನ ಹಸುವಿನ ತಳಿ ಕೆಡಬಾರದೆಂದು 1789ರಲ್ಲೇ ಹೊರಗಿನ ದನಗಳನ್ನು ಒಳಗೆ ತರುವುದನ್ನು ಕಾನೂನು ಮಾಡಿ ನಿಷೇಧಿಸಿದ ದ್ವೀಪವಿದು. ಮನೆಯ ಸರಕನ್ನು ಹೊರಗಿನ ಸರಕಿನಿಂದ ಕಾಯುವುದು ಅಲ್ಲಿನವರಿಗೆ ಹೊಸ ಪಾಠವೇನಲ್ಲ.

ಇದೇ ದ್ವೀಪ, ಇನ್ನೂರು ವರ್ಷಗಳ ನಂತರ, ಬ್ರಿಟನ್ನಿನ ಸಿಡಿ ಅಂಗಡಿಗಳ ನಿದ್ದೆ ಕೆಡಿಸಿತು. ಅದಕ್ಕೆ ಬೇಕಾಗಿದ್ದದ್ದು ಒಂದು ಗೋದಾಮು, ಒಂದು ಅಂಚೆ ಕಚೇರಿ ಮತ್ತು ತೆರಿಗೆ ಕಾನೂನಿನಲ್ಲಿ ಯಾರೂ ಗಮನಿಸದೆ ಬಿಟ್ಟಿದ್ದ ಒಂದು ಸಾಲು. ಪರದೇಶದಿಂದ ಅಂಚೆಯಲ್ಲಿ ಬರುವ ಸಣ್ಣ ಪೊಟ್ಟಣಕ್ಕೆ ತೆರಿಗೆ ಹಾಕಬೇಕೇ, ಹಾಕದಿದ್ದರೆ ಊರಿನ ಅಂಗಡಿಯವನ ಗತಿಯೇನು ಎಂಬ ಜಗಳ ಈಗ ಅಮೆರಿಕದಿಂದ ಆಸ್ಟ್ರೇಲಿಯದವರೆಗೆ ಹಬ್ಬಿದೆ. ಆ ಜಗಳದ ಒಳಗುಟ್ಟು ಅರಿಯಲು ಜರ್ಸಿಯ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಗುಮಾಸ್ತನ ಲೆಕ್ಕ

ಸಣ್ಣ ಪೊಟ್ಟಣಕ್ಕೆ ಸುಂಕ ಬೇಡ ಎಂಬ ನಿಯಮ ಹುಟ್ಟಿದ್ದು ದಯೆಯಿಂದಲ್ಲ, ಲೆಕ್ಕಾಚಾರದಿಂದ. ನಾಲ್ಕಾಣೆ ವಸೂಲಿಗೆ ಎಂಟಾಣೆ ಖರ್ಚು ಮಾಡುವುದು ಯಾವ ಸರ್ಕಾರಕ್ಕೂ ಬೇಡ. ಪೊಟ್ಟಣ ಬಿಚ್ಚಿ ನೋಡಬೇಕು, ಬೆಲೆ ಕಟ್ಟಬೇಕು, ಚೀಟಿ ಬರೆಯಬೇಕು, ಹಣ ಕಟ್ಟುವವರೆಗೆ ಅದನ್ನು ಕಾಯ್ದಿಡಬೇಕು. ಇಷ್ಟೆಲ್ಲ ಮಾಡಿ ಕೈಗೆ ಬರುವುದು ಚಿಲ್ಲರೆ. ಅತ್ಯಲ್ಪದ ಗೊಡವೆ ಕಾನೂನಿಗೆ ಬೇಡ ಎಂಬ ಹಳೆಯ ಲ್ಯಾಟಿನ್ ಮಾತೊಂದಿದೆ. ಅಮೆರಿಕ 1938ರಲ್ಲಿ ಈ ಮಾತನ್ನೇ ಹಿಡಿದು ಒಂದು ಡಾಲರ್‌ವರೆಗಿನ ಆಮದಿಗೆ ಸುಂಕ ಬಿಟ್ಟುಕೊಟ್ಟಿತು. ಯೂರೋಪಿನ ದೇಶಗಳು 1983ರಲ್ಲಿ ತಮ್ಮದೇ ನಿಯಮ ಮಾಡಿಕೊಂಡವು. ಸಣ್ಣ ಬೆಲೆಯ ಆಮದು ವಸ್ತುಗಳಿಗೆ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್, ಹಾಕದೆ ಬಿಡಬಹುದು; ಎಷ್ಟು ಬೆಲೆಯವರೆಗೆ ಎಂಬುದನ್ನು ಗೊತ್ತುಪಡಿಸಿದ ಮಿತಿಯೊಳಗೆ ಆಯಾ ದೇಶವೇ ತೀರ್ಮಾನಿಸಿಕೊಳ್ಳಬಹುದು ಎಂಬುದು ಅದರ ತಿರುಳು. ಬ್ರಿಟನ್ನಿನಲ್ಲಿ ಆ ಮಿತಿ ಬಹುಕಾಲ 18 ಪೌಂಡ್ ಇತ್ತು.

ಈ ನಿಯಮ ಮಾಡಿದವರ ಕಣ್ಣ ಮುಂದೆ ಇದ್ದದ್ದು ಚಿಕ್ಕಮ್ಮ ಕಳುಹಿಸಿದ ಉಣ್ಣೆಯ ಟೋಪಿ, ಪರವೂರಿನ ಗೆಳೆಯ ಕಳುಹಿಸಿದ ಪುಸ್ತಕ. ಮನೆಯಲ್ಲಿ ಕುಳಿತು ಗುಂಡಿ ಒತ್ತಿ ಸಾಮಾನು ತರಿಸಿಕೊಳ್ಳುವ ಕಾಲ ಬರುತ್ತದೆಂದು 1983ರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆದರೂ ಯಾರೋ ಒಬ್ಬ ದೂರಾಲೋಚನೆಯ ಅಧಿಕಾರಿ ಇದ್ದಿರಬೇಕು. ಅಂಚೆಯ ಮೂಲಕ ಆರ್ಡರ್ ಮಾಡಿ ತರಿಸುವ ಸರಕನ್ನು ಈ ರಿಯಾಯಿತಿಯಿಂದ ಹೊರಗಿಡುವ ಅಧಿಕಾರ ಸದಸ್ಯ ದೇಶಗಳಿಗೆ ಇತ್ತು. ಬ್ರಿಟನ್ ಆ ಅಧಿಕಾರವನ್ನು ವರ್ಷಗಟ್ಟಲೆ ಬಳಸಲೇ ಇಲ್ಲ.

ಜರ್ಸಿಯ ಸ್ಥಾನವೂ ವಿಚಿತ್ರ. ಅದು ಬ್ರಿಟಿಷ್ ರಾಜಮನೆತನಕ್ಕೆ ಸೇರಿದ್ದು, ಆದರೆ ಬ್ರಿಟನ್ನಿನ ಭಾಗವಲ್ಲ. ತನ್ನದೇ ಶಾಸನಸಭೆ, ತನ್ನದೇ ತೆರಿಗೆ. 1973ರಲ್ಲಿ ಬ್ರಿಟನ್ ಯೂರೋಪಿನ ಒಕ್ಕೂಟ ಸೇರಿದಾಗ ಜರ್ಸಿ ಮತ್ತು ಅದರ ನೆರೆಯ ಗರ್ನ್ಸಿ ದ್ವೀಪಗಳಿಗೆ ಪ್ರತ್ಯೇಕ ಒಪ್ಪಂದವಾಯಿತು. ಕಸ್ಟಮ್ಸ್ ವ್ಯವಸ್ಥೆಯ ಮಟ್ಟಿಗೆ ಅವು ಒಳಗೆ, ವ್ಯಾಟ್ ವಿಷಯಕ್ಕೆ ಹೊರಗೆ. ಅಂದರೆ ಅಲ್ಲಿಂದ ಬ್ರಿಟನ್ನಿಗೆ ಬರುವ ಸರಕಿಗೆ ಆಮದು ಸುಂಕವಿಲ್ಲ. 18 ಪೌಂಡ್ ಮೀರದಿದ್ದರೆ ವ್ಯಾಟ್ ಕೂಡ ಇಲ್ಲ. ಒಂದೇ ಮನೆಗೆ ಮುಂಬಾಗಿಲೂ ಹಿತ್ತಿಲ ಬಾಗಿಲೂ ಎರಡೂ ತೆರೆದಿಟ್ಟ ಹಾಗೆ.

ಮೊದಮೊದಲು ಈ ಹಿತ್ತಿಲ ಬಾಗಿಲಿನಿಂದ ಬಂದದ್ದು ಹೂವು. ದ್ವೀಪಗಳ ಗಾಜಿನ ಮನೆಗಳಲ್ಲಿ ಬೆಳೆದ ಕಾರ್ನೇಷನ್, ಫ್ರೀಸಿಯಾ ಹೂಗಳನ್ನು ಉದ್ದನೆಯ ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು ಬ್ರಿಟನ್ನಿನ ಮನೆಗಳಿಗೆ ಅಂಚೆಯಲ್ಲಿ ಕಳುಹಿಸುವುದು ಅಲ್ಲಿನ ಹಳೆಯ ಕಸುಬು. ಹುಟ್ಟುಹಬ್ಬಕ್ಕೋ ತಾಯಂದಿರ ದಿನಕ್ಕೋ ಬರುವ ಆ ಪೆಟ್ಟಿಗೆಯ ಬಗ್ಗೆ ಯಾವ ಅಂಗಡಿಯವನೂ ತಕರಾರು ತೆಗೆದವನಲ್ಲ.

ಹೂವಿನ ಜಾಗಕ್ಕೆ ಸಿಡಿ

1998ರಲ್ಲಿ ಜರ್ಸಿಯಲ್ಲಿ ಒಂದು ಕಂಪೆನಿ ಶುರುವಾಯಿತು. ಮುಂದೆ ಪ್ಲೇ ಡಾಟ್ ಕಾಮ್ ಎಂದು ಬ್ರಿಟನ್ನಿನ ಮನೆಮಾತಾದ ಕಂಪೆನಿ ಅದು. ಹಾಡಿನ ಸಿಡಿ, ಸಿನಿಮಾದ ಡಿವಿಡಿಗಳನ್ನು ಇಂಟರ್‌ನೆಟ್ ಮೂಲಕ ಮಾರುವುದು ಅದರ ವ್ಯಾಪಾರ. ಸಿಡಿ ಎಂಬ ಸರಕು ಈ ಕಿಂಡಿಗೆ ಹೇಳಿ ಮಾಡಿಸಿದಂತಿತ್ತು. ಹಗುರ, ಚಪ್ಪಟೆ, ಲಕೋಟೆಯಲ್ಲಿ ಹಿಡಿಸುತ್ತದೆ, ಒಡೆಯುವುದು ಅಪರೂಪ. ಎಲ್ಲಕ್ಕಿಂತ ಮುಖ್ಯವಾಗಿ ಅದರ ಬೆಲೆ 18 ಪೌಂಡ್‌ಗಿಂತ ಕಡಿಮೆ.

ಲೆಕ್ಕ ಹೀಗಿತ್ತು. ಆಗ ಬ್ರಿಟನ್ನಿನಲ್ಲಿ ವ್ಯಾಟ್ ಶೇಕಡಾ 17.5. ಪಟ್ಟಣದ ಅಂಗಡಿಯವನು ಒಂದು ಸಿಡಿಯನ್ನು 10 ಪೌಂಡಿಗೆ ಮಾರಿದರೆ ಅದರಲ್ಲಿ ಸುಮಾರು ಒಂದೂವರೆ ಪೌಂಡ್ ಸರ್ಕಾರದ ಪಾಲು. ಉಳಿದುದರಲ್ಲಿ ಸಿಡಿಯ ಅಸಲು, ಅಂಗಡಿ ಬಾಡಿಗೆ, ಆಳಿನ ಸಂಬಳ ಎಲ್ಲವೂ ಹೊರಡಬೇಕು. ಜರ್ಸಿಯಿಂದ ಅದೇ ಸಿಡಿ ಕಳುಹಿಸುವವನಿಗೆ ಆ ಒಂದೂವರೆ ಪೌಂಡ್ ಉಳಿತಾಯ. ಅದರಲ್ಲಿ ಅಂಚೆ ಖರ್ಚು ಕಳೆದು ಬೆಲೆಯನ್ನೂ ಇಳಿಸಬಹುದು. ಸಿಡಿ ಮಾರಾಟದಲ್ಲಿ ಲಾಭ ಅಷ್ಟಕ್ಕಷ್ಟೆ. ಇಂಥ ವ್ಯಾಪಾರದಲ್ಲಿ ಒಂದೂವರೆ ಪೌಂಡ್ ಎಂದರೆ ಬದುಕಿಗೂ ಸಾವಿಗೂ ನಡುವಿನ ಅಂತರ.

ತಮಾಷೆಯೆಂದರೆ ಆ ಸಿಡಿಗಳು ಜರ್ಸಿಯಲ್ಲಿ ತಯಾರಾದವಲ್ಲ. ಬ್ರಿಟನ್ನಿನ ಗೋದಾಮಿನಿಂದ ರಾಶಿರಾಶಿಯಾಗಿ ಸಮುದ್ರ ದಾಟಿ ದ್ವೀಪಕ್ಕೆ ಹೋಗುತ್ತಿದ್ದವು. ಹಾಗೆ ಹೋಗುವಾಗ ಅದು ರಫ್ತು, ಆದ್ದರಿಂದ ವ್ಯಾಟ್ ಇಲ್ಲ. ಅಲ್ಲಿ ಲಕೋಟೆಗೆ ಸೇರಿ, ವಿಳಾಸದ ಚೀಟಿ ಅಂಟಿಸಿಕೊಂಡು, ಒಂದೊಂದಾಗಿ ಅದೇ ಸಮುದ್ರ ದಾಟಿ ಬ್ರಿಟನ್ನಿಗೆ ಹಿಂದಿರುಗುತ್ತಿದ್ದವು. ಹಾಗೆ ಬರುವಾಗ ಅದು ಸಣ್ಣ ಆಮದು, ಆಗಲೂ ವ್ಯಾಟ್ ಇಲ್ಲ. ಎರಡು ಡಿವಿಡಿ ಸೇರಿ ಬೆಲೆ ಮಿತಿ ಮೀರುವಂತಿದ್ದರೆ ಒಬ್ಬನೇ ಗಿರಾಕಿಗೆ ಎರಡು ಲಕೋಟೆ ಬರುವುದೂ ಇತ್ತು. ಇದ್ಯಾವುದೂ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಕಾನೂನು ಹೇಳಿದಂತೆಯೇ ಎಲ್ಲರೂ ನಡೆದುಕೊಂಡಿದ್ದರು.

ಒಬ್ಬರು ಗೆದ್ದ ದಾರಿಯಲ್ಲಿ ಉಳಿದವರು ಬಾರದೆ ಇರುತ್ತಾರೆಯೇ? ದೊಡ್ಡ ದಿನಸಿ ಕಂಪೆನಿ ಟೆಸ್ಕೊ ಜರ್ಸಿಗೆ ಬಂತು. ಬ್ರಿಟನ್ನಿನ ಅತಿ ಹೆಸರುವಾಸಿ ಸಂಗೀತ ಮಳಿಗೆಯಾದ ಎಚ್‌ಎಂವಿ ಗರ್ನ್ಸಿಯಿಂದ ಸಿಡಿ ಕಳುಹಿಸತೊಡಗಿತು. ಪಟ್ಟಣದ ಮುಖ್ಯ ಬೀದಿಯಲ್ಲಿ ತನ್ನದೇ ಅಂಗಡಿಗಳಿದ್ದ ಕಂಪೆನಿ, ಆ ಅಂಗಡಿಗಳ ಗಿರಾಕಿಗೇ ದ್ವೀಪದಿಂದ ಅಗ್ಗದಲ್ಲಿ ಮಾರುವ ಪರಿಸ್ಥಿತಿ. ಸಿಡಿಯ ಬೆನ್ನಿಗೆ ಪ್ರಿಂಟರ್ ಶಾಯಿ, ಕಣ್ಣಿನ ಲೆನ್ಸ್, ಕ್ಯಾಮೆರಾದ ಮೆಮೊರಿ ಕಾರ್ಡ್, ವಿಟಮಿನ್ ಮಾತ್ರೆ, ಸೌಂದರ್ಯ ಸಾಧನಗಳು ಸಾಲು ಹಚ್ಚಿದವು. ಚಿಕ್ಕದು, ಹಗುರವಾದದ್ದು, ಮಿತಿಯೊಳಗಿನ ಬೆಲೆಯದು ಏನೇ ಇದ್ದರೂ ದ್ವೀಪದಲ್ಲಿ ಅದಕ್ಕೊಂದು ಗೋದಾಮು ಎದ್ದಿತು. ಬ್ಯಾಂಕು ಮತ್ತು ಪ್ರವಾಸಿಗರನ್ನೇ ನೆಚ್ಚಿದ್ದ ಜರ್ಸಿಯಲ್ಲಿ, ಹೆಚ್ಚು ಓದಿಲ್ಲದ ಹುಡುಗರಿಗೂ ವರ್ಷವಿಡೀ ಸಿಗುವ ಕೆಲಸ ಇದಾಯಿತು. ದ್ವೀಪದ ಅಂಚೆಗಂತೂ ಸುಗ್ಗಿ.

ಬ್ರಿಟಿಷ್ ಗ್ರಾಹಕನಿಗೂ ಇದರಿಂದ ಬೇಸರವೇನಿರಲಿಲ್ಲ. ಅಗ್ಗದ ಸಿಡಿ, ಅಂಚೆ ವೆಚ್ಚ ಉಚಿತ, ಎರಡು ಮೂರು ದಿನಗಳಲ್ಲಿ ಮನೆ ಬಾಗಿಲಿಗೆ. ಅದು ಜರ್ಸಿಯಿಂದ ಬಂತೋ ಪಕ್ಕದ ಬೀದಿಯಿಂದ ಬಂತೋ ಎಂದು ಲಕೋಟೆಯ ಮುದ್ರೆ ನೋಡಿದವರಿಗೆ ಮಾತ್ರ ಗೊತ್ತು.

ಸುಖದುಃಖ ಕೇಳುವವರಾರು?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಕನ್ನಡದಲ್ಲಿದೆ. ತೆರಿಗೆ ತೆಗೆದುಕೊಳ್ಳಬೇಡ ಎಂದು ಗೋಳಾಡುವ ವ್ಯಾಪಾರಿಯ ಕುರಿತ ಗಾದೆ ಅದು. ಬ್ರಿಟನ್ನಿನಲ್ಲಿ ನಡೆದದ್ದು ಅದರ ತಿರುವುಮುರುವು. ಇನ್ನೊಬ್ಬನಿಂದಲೂ ತೆಗೆದುಕೊಳ್ಳಿ ಎಂದು ಅಂಗಡಿಕಾರರು ಸುಂಕದವನ ಮುಂದೆ ನಿಂತು ಗೋಳಾಡಿದರು. ಅಂಚೆಯ ಮೂಲಕ ಸಂಗೀತದ ರೆಕಾರ್ಡ್ ಮಾರುತ್ತಿದ್ದು, ಈ ಪೈಪೋಟಿಯಲ್ಲಿ ವ್ಯಾಪಾರ ಕಳೆದುಕೊಂಡ ಸಣ್ಣ ವರ್ತಕರೊಬ್ಬರು ಮುಂದೆ ನಿಂತು ಸಂಘ ಕಟ್ಟಿದರು. ಸಂಸದರಿಗೆ ಪತ್ರ ಬರೆದರು, ಯೂರೋಪಿಯನ್ ಕಮಿಷನ್‌ಗೆ ದೂರು ಒಯ್ದರು. ಅವರ ವಾದ ಸರಳ: ನಮಗೆ ರಿಯಾಯಿತಿ ಬೇಡ, ಒಂದೇ ಸರಕಿಗೆ ಒಂದೇ ತೆರಿಗೆ ಇರಲಿ.

ಸರ್ಕಾರದ ಉತ್ತರ ವರ್ಷಗಟ್ಟಲೆ ಹಳೆಯ ಗುಮಾಸ್ತನ ಲೆಕ್ಕವೇ ಆಗಿತ್ತು. ಸಣ್ಣ ಪೊಟ್ಟಣಗಳ ಮೇಲೆ ತೆರಿಗೆ ವಸೂಲು ಮಾಡುವುದು ದುಬಾರಿ ಎಂಬ ಮಾತು. ಈ ಮಧ್ಯೆ ಬೀದಿಯ ಚಿತ್ರ ಬದಲಾಗುತ್ತಿತ್ತು. 2008ರ ಡಿಸೆಂಬರಿನಲ್ಲಿ ಸಂಗೀತ ಮಳಿಗೆ ಝಾವಿ ದಿವಾಳಿಯ ದಾರಿ ಹಿಡಿಯಿತು. ಅದೇ ಚಳಿಗಾಲದಲ್ಲಿ ಮಿಠಾಯಿಯಿಂದ ಸಿಡಿಯವರೆಗೆ ಎಲ್ಲವನ್ನೂ ಮಾರುತ್ತಿದ್ದ ವೂಲ್‌ವರ್ತ್ಸ್ ತನ್ನ ಸುಮಾರು 800 ಅಂಗಡಿಗಳನ್ನು ಮುಚ್ಚಿತು. ಊರೂರಿನ ಸಣ್ಣ ರೆಕಾರ್ಡ್ ಅಂಗಡಿಗಳ ಸುದ್ದಿ ಪತ್ರಿಕೆಗಳಿಗೂ ಬರಲಿಲ್ಲ.

ಇದಕ್ಕೆಲ್ಲ ಜರ್ಸಿಯೇ ಕಾರಣ ಎಂದರೆ ಅನ್ಯಾಯವಾದೀತು. ಹಾಡನ್ನು ನೇರವಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕಾಲ ಬಂದಿತ್ತು. ಸೂಪರ್ ಮಾರ್ಕೆಟ್‌ಗಳು ಹಾಲು ಬ್ರೆಡ್ಡಿನ ಜೊತೆಗೆ ಜನಪ್ರಿಯ ಸಿಡಿಗಳನ್ನು ತೀರಾ ಕಡಿಮೆ ಬೆಲೆಗೆ ಮಾರುತ್ತಿದ್ದವು. ಆರ್ಥಿಕ ಕುಸಿತ ಬೇರೆ. ಆದರೆ ಹೇಗೂ ಏದುಸಿರು ಬಿಡುತ್ತಿದ್ದವನ ಬೆನ್ನ ಮೇಲೆ ಸರ್ಕಾರವೇ ಇನ್ನೊಂದು ಮೂಟೆ ಹೊರಿಸಿ, ಅವನ ಎದುರಾಳಿಯನ್ನು ಬರಿಗೈಯಲ್ಲಿ ಓಡಲು ಬಿಟ್ಟದ್ದು ಸುಳ್ಳಲ್ಲ. ಅಂಗಡಿಕಾರರ ಸಿಟ್ಟು ಪೈಪೋಟಿಯ ಮೇಲಿನದಲ್ಲ, ಈ ಮೂಟೆಯ ಮೇಲಿನದು.

2011ರ ಜನವರಿಯಲ್ಲಿ ಬ್ರಿಟನ್ ವ್ಯಾಟನ್ನು ಶೇಕಡಾ 20ಕ್ಕೆ ಏರಿಸಿತು. ಏರಿಕೆಯೊಂದಿಗೆ ದ್ವೀಪದ ಲಾಭವೂ ಏರಿತು, ಬೊಕ್ಕಸದ ನಷ್ಟವೂ ಏರಿತು. ಆ ಹೊತ್ತಿಗೆ ಸರ್ಕಾರವೇ ಅಂದಾಜಿಸಿದ ನಷ್ಟ ವರ್ಷಕ್ಕೆ 13 ಕೋಟಿ ಪೌಂಡ್ ಆಸುಪಾಸು. ಅಂಗಡಿಯವನ ಗೋಳಿಗೆ ಕರಗದ ಖಜಾನೆ ತನ್ನ ನಷ್ಟಕ್ಕೆ ಕರಗಿತು. ಮೊದಲು, 2011ರ ನವೆಂಬರ್ 1ರಿಂದ, ಮಿತಿಯನ್ನು 18ರಿಂದ 15 ಪೌಂಡಿಗೆ ಇಳಿಸಲಾಯಿತು. ಬಳಿಕ 2012ರ ಏಪ್ರಿಲ್ 1ರಿಂದ ಜರ್ಸಿ, ಗರ್ನ್ಸಿಗಳಿಂದ ಬರುವ ಸರಕಿಗೆ ರಿಯಾಯಿತಿಯನ್ನೇ ತೆಗೆದುಹಾಕುವುದಾಗಿ ಪ್ರಕಟಿಸಲಾಯಿತು. ಎರಡೂ ದ್ವೀಪಗಳ ಸರ್ಕಾರಗಳು ಲಂಡನ್ನಿನ ಹೈಕೋರ್ಟಿನ ಮೆಟ್ಟಿಲೇರಿದವು. ಬೇರೆ ಎಲ್ಲ ದೇಶಗಳಿಗೂ ಇರುವ ರಿಯಾಯಿತಿ ನಮಗೊಬ್ಬರಿಗೇ ಏಕಿಲ್ಲ ಎಂಬ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೂ ಮಾರ್ಚ್ ತಿಂಗಳಲ್ಲಿ ಮೊಕದ್ದಮೆ ಸೋತರು.

ಗೋದಾಮುಗಳು ಖಾಲಿಯಾದವು. ಜಪಾನಿನ ರಾಕುಟೆನ್ ಕಂಪೆನಿ 2011ರಲ್ಲಷ್ಟೇ ಕೊಂಡಿದ್ದ ಪ್ಲೇ ಡಾಟ್ ಕಾಮ್, ಕಾರಣಗಳಲ್ಲಿ ಈ ರಿಯಾಯಿತಿಯ ಅಂತ್ಯವನ್ನೂ ಹೇಳಿ, 2013ರಲ್ಲಿ ತಾನೇ ಸರಕು ಮಾರುವುದನ್ನು ನಿಲ್ಲಿಸಿತು. ಇನ್ನೂರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅವರಲ್ಲಿ ಹೆಚ್ಚಿನವರು ಜರ್ಸಿಯವರು. ಬ್ರಿಟನ್ನಿನ ಅಂಗಡಿಗಳಾದರೂ ಉಸಿರಾಡಿದವೇ? ಅದೇ 2013ರ ಜನವರಿಯಲ್ಲಿ ಎಚ್‌ಎಂವಿ ದಿವಾಳಿಯ ನೋಟೀಸು ಅಂಟಿಸಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಿತ್ತು.

ಕಟ್ಟೆ ಸರಿಸಿದ ಆಸ್ಟ್ರೇಲಿಯ

ಜರ್ಸಿಯ ಕಿಂಡಿ ಮುಚ್ಚಿದ್ದು ಒಂದು ದ್ವೀಪದ ಹೆಸರು ಹಿಡಿದು. ಇಡೀ ಜಗತ್ತೇ ಅಂಚೆಯಲ್ಲಿ ಮಾರಲು ಕುಳಿತಾಗ ಏನು ಮಾಡುವುದು? ಈ ಪ್ರಶ್ನೆ ಎದುರಾದದ್ದು ಆಸ್ಟ್ರೇಲಿಯಕ್ಕೆ. ಅಲ್ಲಿ 1000 ಡಾಲರ್‌ವರೆಗಿನ ಆಮದಿಗೆ ಶೇಕಡಾ 10ರ ಜಿಎಸ್‌ಟಿ ಇರಲಿಲ್ಲ. 2010ರ ಕೊನೆಯಲ್ಲಿ ಆಸ್ಟ್ರೇಲಿಯದ ಡಾಲರ್ ಅಮೆರಿಕದ ಡಾಲರಿಗೆ ಸರಿಸಮವಾಗಿ ನಿಂತಾಗ ಜನ ಪರದೇಶದ ಅಂಗಡಿಗಳಿಗೆ ಮುಗಿಬಿದ್ದರು. ದೇಶದ ದೊಡ್ಡ ವರ್ತಕರು ಸೇರಿ ತೆರಿಗೆ ಹಾಕಿರೆಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಜನರ ಸಿಟ್ಟು ಸರ್ಕಾರದ ಮೇಲಲ್ಲ, ಈ ವರ್ತಕರ ಮೇಲೇ ತಿರುಗಿತು. ಇಷ್ಟು ದಿನ ನಮ್ಮಿಂದ ದುಬಾರಿ ಬೆಲೆ ಕಿತ್ತವರು ನೀವೇ ಅಲ್ಲವೇ ಎಂದು ಗ್ರಾಹಕರು ತಿರುಗಿ ಕೇಳಿದರು. ಪ್ರಚಾರದ ಮುಂದಾಳಾಗಿದ್ದ ಹಾರ್ವೆ ನಾರ್ಮನ್ ಮಳಿಗೆಗಳ ಒಡೆಯ ಜೆರ್ರಿ ಹಾರ್ವೆ ಕೆಲವೇ ದಿನಗಳಲ್ಲಿ ಹಿಂದೆ ಸರಿದರು.

ಸರ್ಕಾರದ ಉತ್ಪಾದಕತಾ ಆಯೋಗ 2011ರಲ್ಲಿ ಲೆಕ್ಕ ಹಾಕಿ ನೋಡಿತು. ಎಲ್ಲ ಪೊಟ್ಟಣಗಳಿಗೂ ತೆರಿಗೆ ಹಾಕಿದರೆ ಬರುವುದು ಸುಮಾರು 60 ಕೋಟಿ ಡಾಲರ್. ಆಗಿನ ಪದ್ಧತಿಯಲ್ಲಿ ಅದನ್ನು ವಸೂಲು ಮಾಡಲು ತಗಲುವುದು 200 ಕೋಟಿ ಡಾಲರಿಗೂ ಹೆಚ್ಚು. ಗುಮಾಸ್ತನ ಲೆಕ್ಕ ಮತ್ತೆ ಗೆದ್ದಿತು ಎನ್ನಬೇಕು. ಆದರೆ ಆಸ್ಟ್ರೇಲಿಯ ಅಲ್ಲಿಗೇ ಬಿಡಲಿಲ್ಲ. ಪೊಟ್ಟಣ ಬಂದಿಳಿಯುವ ಬಂದರಿನಲ್ಲಿ ವಸೂಲಿ ದುಬಾರಿಯಾದರೆ, ಗಿರಾಕಿ ಹಣ ಕೊಡುವ ಜಾಗದಲ್ಲೇ ಏಕೆ ವಸೂಲು ಮಾಡಬಾರದು?

ಈ ಯುಕ್ತಿ ಕರ್ನಾಟಕಕ್ಕೆ ಅಪರಿಚಿತವೇನಲ್ಲ. ನಮ್ಮ ಪಟ್ಟಣಗಳ ಅಂಚಿನಲ್ಲಿ ಲಾರಿಗಳನ್ನು ಸಾಲುಗಟ್ಟಿ ನಿಲ್ಲಿಸುತ್ತಿದ್ದ ಆಕ್ಟ್ರಾಯ್ ನಾಕಾಗಳನ್ನು 1979ರಲ್ಲಿ ತೆಗೆದು, ಪ್ರವೇಶ ತೆರಿಗೆ ತಂದು ಅದನ್ನು ವರ್ತಕರ ಲೆಕ್ಕಪತ್ರದ ಮೇಲೆ ವಸೂಲು ಮಾಡಲಾಯಿತು. ರಸ್ತೆಯ ಕಟ್ಟೆ ವರ್ತಕನ ಪುಸ್ತಕಕ್ಕೆ ಬಂತು. ಆಸ್ಟ್ರೇಲಿಯ ಮಾಡಿದ್ದೂ ಅದನ್ನೇ; ಪುಸ್ತಕ ಮಾತ್ರ ಪರದೇಶದಲ್ಲಿತ್ತು. 2018ರ ಜುಲೈ 1ರಿಂದ, ಆಸ್ಟ್ರೇಲಿಯದ ಗಿರಾಕಿಗಳಿಗೆ ವರ್ಷಕ್ಕೆ 75,000 ಡಾಲರ್‌ ಅಥವಾ ಅದಕ್ಕಿಂತ ಹೆಚ್ಚು ವ್ಯಾಪಾರ ಮಾಡುವ ಪರದೇಶದ ಮಾರಾಟಗಾರರೆಲ್ಲ ತಾವೇ ಜಿಎಸ್‌ಟಿ ಹಿಡಿದು ಆಸ್ಟ್ರೇಲಿಯ ಸರ್ಕಾರಕ್ಕೆ ಕಟ್ಟಬೇಕಾಯಿತು. ಅಮೆಜಾನ್ ಮುನಿಸಿಕೊಂಡು ತನ್ನ ಅಮೆರಿಕದ ಅಂಗಡಿಯ ಬಾಗಿಲನ್ನು ಆಸ್ಟ್ರೇಲಿಯದವರಿಗೆ ಮುಚ್ಚಿತು. ಐದು ತಿಂಗಳೂ ತುಂಬಿರಲಿಲ್ಲ, ನವೆಂಬರಿನಲ್ಲಿ ಮತ್ತೆ ತೆರೆಯಿತು. ಬ್ರಿಟನ್ 2021ರ ಜನವರಿಯಿಂದ, ಯೂರೋಪಿಯನ್ ಒಕ್ಕೂಟ ಅದೇ ಜುಲೈಯಿಂದ ಸಣ್ಣ ಪೊಟ್ಟಣದ ವ್ಯಾಟ್ ವಿನಾಯಿತಿಯನ್ನು ಪೂರ್ತಿ ಕೈಬಿಟ್ಟು ಇದೇ ದಾರಿಗೆ ಬಂದವು.

ಅಮೆರಿಕ ನಡೆದದ್ದು ಮಾತ್ರ ವಿರುದ್ಧ ದಿಕ್ಕಿನಲ್ಲಿ. 1938ರ ಒಂದು ಡಾಲರ್ ಮಿತಿ ಬೆಳೆಯುತ್ತ ಬೆಳೆಯುತ್ತ 2016ರಲ್ಲಿ 800 ಡಾಲರ್ ಆಯಿತು. ಚೀನಾದ ಬಟ್ಟೆಬರೆ ಮಾರುವ ಕಂಪೆನಿಗಳಿಗೆ ಅದು ರಾಜಮಾರ್ಗವಾಯಿತು. 2024ರ ಆರ್ಥಿಕ ವರ್ಷದಲ್ಲಿ ಈ ಮಿತಿಯಡಿ ಒಳಬಂದ ಪೊಟ್ಟಣಗಳು 136 ಕೋಟಿ. ಆಮೇಲೆ ಬಾಗಿಲು ಒಮ್ಮೆಲೇ ಬಡಿಯಿತು. 2025ರ ಮೇ 2ರಿಂದ ಚೀನಾಕ್ಕೆ, ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ವಿನಾಯಿತಿ ನಿಂತಿತು. ಸುಂಕ ಯಾರು, ಎಲ್ಲಿ, ಹೇಗೆ ಹಿಡಿಯಬೇಕೆಂಬುದೇ ಸ್ಪಷ್ಟವಿರದ ಆ ಗೊಂದಲದಲ್ಲಿ ಭಾರತದ ಅಂಚೆ ಇಲಾಖೆ ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು, ಕೊನೆಗೆ ಕಾಗದಪತ್ರವನ್ನೂ. ಅಲ್ಲಿರುವ ಮಕ್ಕಳಿಗೆ ಇಲ್ಲಿಂದ ಚಟ್ನಿಪುಡಿ, ಸೀರೆ ಕಳುಹಿಸುವವರು ಅಕ್ಟೋಬರ್ 15ರಂದು ಸೇವೆ ಮತ್ತೆ ಶುರುವಾಗುವವರೆಗೆ ಕಾಯಬೇಕಾಯಿತು.

ಭಾರತಕ್ಕೂ ಇಂಥದೇ ಒಂದು ಕಿಂಡಿಯಿತ್ತು. ಒಂದು ಮಿತಿಯವರೆಗಿನ ಉಡುಗೊರೆಗೆ ಸುಂಕವಿರಲಿಲ್ಲ. ಚೀನಾದ ಅಂಗಡಿಗಳು ತಮ್ಮ ಭಾರತೀಯ ಗಿರಾಕಿಗಳಿಗೆ ಮಾರಿದ ಸರಕನ್ನೆಲ್ಲ 'ಉಡುಗೊರೆ' ಎಂಬ ಚೀಟಿ ಹಚ್ಚಿ ಕಳುಹಿಸತೊಡಗಿದಾಗ, 2019ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಉಡುಗೊರೆಯ ಹೆಸರಿನ ಆಮದನ್ನೇ ನಿಷೇಧಿಸಿತು. ಬಿಟ್ಟದ್ದು ಎರಡನ್ನು: ಜೀವ ಉಳಿಸುವ ಔಷಧ ಮತ್ತು ರಾಖಿ. ರಾಖಿಯ ಜೊತೆಗೆ ಬರುವ ಉಡುಗೊರೆಗೆ ಈ ರಿಯಾಯಿತಿ ಇಲ್ಲವೆಂದು ಆದೇಶದಲ್ಲೇ ಬರೆದಿತ್ತು.

ಮತ್ತೆ ಜರ್ಸಿಗೆ. ಆ ದ್ವೀಪವೂ 2008ರಲ್ಲಿ ತನ್ನದೇ ಜಿಎಸ್‌ಟಿ ಜಾರಿಗೆ ತಂದಿತ್ತು. 2011ರಿಂದ ಅದು ಶೇಕಡಾ 5. ಹೊರಗಿನಿಂದ ಅಂಚೆಯಲ್ಲಿ ತರಿಸುವ ಸರಕಿಗೆ ಅಲ್ಲಿಯೂ ಒಂದು ಮಿತಿ ಇತ್ತು. 240 ಪೌಂಡ್‌ವರೆಗೆ ತೆರಿಗೆ ಬೇಡ, ವಸೂಲಿ ಖರ್ಚೇ ಹೆಚ್ಚು ಎಂಬ ಅದೇ ಲೆಕ್ಕ. ದ್ವೀಪದ ಜನ ಬ್ರಿಟನ್ನಿನಿಂದ ಬೂಟು, ಬಟ್ಟೆ, ಪುಸ್ತಕ ತರಿಸಿಕೊಳ್ಳತೊಡಗಿದರು. ರಾಜಧಾನಿ ಸೇಂಟ್ ಹೆಲಿಯರ್‌ನ ಅಂಗಡಿಕಾರರು ತಾವು ಮಾತ್ರ ತೆರಿಗೆ ಹಿಡಿಯಬೇಕು, ಹೊರಗಿನವರು ಹಿಡಿಯಬೇಕಾಗಿಲ್ಲ, ಇದೆಂಥ ನ್ಯಾಯ ಎಂದು ತಮ್ಮ ಸರ್ಕಾರವನ್ನು ಕೇಳಿದರು. ಬ್ರಿಟನ್ನಿನ ಸಿಡಿ ಅಂಗಡಿಯವರು ಹಿಂದೆ ಕೇಳಿದ್ದ ಪ್ರಶ್ನೆಯೇ ಅದು. 2020ರ ಅಕ್ಟೋಬರಿನಲ್ಲಿ ಮಿತಿ 135 ಪೌಂಡಿಗೆ ಇಳಿಯಿತು. 2023ರ ಜುಲೈ 1ರಿಂದ ಅದು 60 ಪೌಂಡ್. ದ್ವೀಪಕ್ಕೆ ವರ್ಷಕ್ಕೆ ಮೂರು ಲಕ್ಷ ಪೌಂಡಿಗಿಂತ ಹೆಚ್ಚು ಸರಕು ಮಾರುವ ಹೊರಗಿನ ಕಂಪೆನಿಗಳು, ಪೊಟ್ಟಣ ಎಷ್ಟೇ ಸಣ್ಣದಿರಲಿ, ಹಣ ಪಡೆಯುವಾಗಲೇ ಜರ್ಸಿಯ ಪಾಲಿನ ಶೇಕಡಾ 5ನ್ನು ಹಿಡಿದು ಕಳುಹಿಸಬೇಕು.